ಮಾವನ ಕಾರಿನ ಪಟ್ಟೆ

ನನ್ನ ಸೋದರಮಾವನಿಗೆ ದೇವರ ವಿಷಯದಲ್ಲಿ ಆಗಾಗ ಅನುಮಾನ ಬರುತ್ತಿತ್ತು, ಸ್ಕೇಲಿನ ವಿಷಯದಲ್ಲಿ ಒಮ್ಮೆಯೂ ಬಂದದ್ದಿಲ್ಲ! ಮದ್ರಾಸಿನ ಗಿಂಡಿ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ನಕ್ಷೆ ಬರೆದು ನಿವೃತ್ತರಾದವರು. ಗೋಡೆಯ ಕ್ಯಾಲೆಂಡರ್ ಒಂದು ಕೂದಲೆಳೆ ವಾಲಿದ್ದರೂ ಅವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತೆ ದೋಸೆ ಹಾಕಿಕೊಟ್ಟರೆ ತಟ್ಟೆಯನ್ನು ಸುತ್ತ ತಿರುಗಿಸಿ ನೋಡಿ, "ಈ ಕಡೆ ಕೊಂಜ ಜಾಸ್ತಿ ಬಂದಿದೆ ಕಣೇ" ಎನ್ನುವರು. ಅಂಥ ಮನುಷ್ಯ ತಮ್ಮ ಕೈಯಾರೆ ಕಾರಿಗೆ ಅಂಟಿಸಿದ ಪಟ್ಟೆ ಇಡೀ ಪೆರಂಬೂರಿನಲ್ಲೇ ಅತಿ ಸೊಟ್ಟ ಪಟ್ಟೆ ಎಂದರೆ ನಂಬುತ್ತೀರಾ? ನಂಬಿ. ಪಕ್ಕದಲ್ಲೇ ನಿಂತು ಸೋಪಿನ ನೀರು ಚಿಮುಕಿಸಿದ ಪಾಪಿ ನಾನೇ.

ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಕೆಲಸಕ್ಕೆಂದು ಮೈಸೂರು ಬಿಟ್ಟು ಬಂದ ಹೊಸತು. ಊರಿನ ಹೆಸರು ಚೆನ್ನೈ ಎಂದಾಗಿ ವರ್ಷಗಳಾಗಿದ್ದರೂ ಮಾವ ಮಾತ್ರ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ವಾರವಿಡೀ ತ್ರಿಪ್ಲಿಕೇನಿನ ಲಾಡ್ಜು, ಮೆಸ್ಸಿನ ನೀರು ಸಾಂಬಾರು, ಬೆವರು, ಒಂಟಿತನ. ಭಾನುವಾರ ಪೆರಂಬೂರಿಗೆ ಹೋಗಿ ಅತ್ತೆಯ ಕೈಯಡುಗೆ ಉಂಡರೆ ಮಾತ್ರ ಜೀವ ಬಂದಂತಾಗುತ್ತಿತ್ತು. ಆ ಅತ್ತೆಗೆ ಸಕ್ಕರೆ ಕಾಯಿಲೆ. ಅದು ಕಣ್ಣಿಗೂ ತಾಕಿತ್ತು. "ಇರುವಷ್ಟು ದೃಷ್ಟಿ ಉಳಿಸಿಕೊಳ್ಳಲು ನೋಡೋಣ" ಎಂದು ಡಾಕ್ಟರು ಹೇಳಿದ್ದರಂತೆ. ಉಳಿಯುವುದಿಲ್ಲ ಎಂಬುದನ್ನು ಡಾಕ್ಟರುಗಳು ಹೀಗೆಯೇ ಹೇಳುವುದು. ಅದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ.

ಒಂದು ಶುಕ್ರವಾರ ಮಾವ ಬಾಳೆಹಣ್ಣು ಕೊಳ್ಳಲು ಹೋಗಿದ್ದಾಗ ಅತ್ತೆ ದೇವಸ್ಥಾನದಿಂದ ಹೊರಬಂದು ಯಾರದೋ ಬಿಳಿ ಕಾರಿನ ಬಾಗಿಲು ತೆಗೆದು ಕೂತುಬಿಟ್ಟರು. ಕೂತವರು ಸುಮ್ಮನಿದ್ದರೇ? "ಏನ್ರೀ, ಆಗ್ಲಿಂದ ಕೂಗ್ತಿದೀನಿ, ಓ ಅನ್ನಕ್ಕಾಗಲ್ವಾ? ಬಾಯಲ್ಲಿ ಕಡುಬು ತುಂಬ್ಕೊಂಡಿದೀರಾ?" ಎಂದು ಸ್ಟೇರಿಂಗ್ ಹಿಡಿದಿದ್ದ ಮಹಾಶಯನಿಗೆ ಗದರಿದರು. ಆತನಿಗೆ ಕನ್ನಡದ ಗಂಧವಿಲ್ಲ. ಆದರೂ ಮದುವೆಯಾದ ಗಂಡಸು ನೋಡಿ, ಧಾಟಿಯನ್ನು ಗುರುತಿಸಿ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡನಂತೆ!

ಈ ಕಥೆಯನ್ನು ಅತ್ತೆಯೇ ನಕ್ಕು ನಕ್ಕು ಹೇಳಿದರು. ಮುಗಿಸಿ, "ಸಾಕಪ್ಪ, ಇನ್ಮೇಲೆ ನಾನು ಮನೆ ಬಿಟ್ಟು ಎಲ್ಲೂ ಬರಲ್ಲ" ಎಂದರು. ಅಷ್ಟು ಹೇಳುವಾಗ ನಗಲಿಲ್ಲ. ಮುಂದಿನ ಎರಡು ಶುಕ್ರವಾರ ದೇವಸ್ಥಾನಕ್ಕೂ ಹೋಗಲಿಲ್ಲ.

ಮಾವನಿಗೆ ದಿಗಿಲು ಹತ್ತಿತು. "ಮದ್ರಾಸಲ್ಲಿ ಇರೋ ಕಾರೆಲ್ಲಾ ಬಿಳಿ. ಅದು ಅವಳ ತಪ್ಪೇನೋ?" ಎಂದು ನನ್ನ ಮೇಲೆ ರೇಗಿದರು, ಊರಿನ ಕಾರಿಗೆಲ್ಲ ನಾನೇ ಬಣ್ಣ ಬಳಿದವನಂತೆ. "ನಮ್ಮ ಕಾರಿಗೊಂದು ಪಟ್ಟೆ ಹಾಕ್ತೀನಿ. ಮನೆ ಮೆಟ್ಟಿಲ ಮೇಲೆ ನಿಂತ್ರೆ ಅವಳಿಗೆ ಕಾಣ್ಬೇಕು. ಕಂಡ್ರೆ ಬರ್ತಾಳೆ. ಇಲ್ದಿದ್ರೆ ಒಳಗೇ ಕೂತು ಕೊರಗ್ತಾಳೆ ಕಣೋ."

ಮೌಂಟ್ ರೋಡಿನ ಹಿಂದಿನ ಸಂದಿಯ ಸ್ಟಿಕರ್ ಅಂಗಡಿಗೆ ಹೋದೆವು. ಎರಡು ಅಂಗುಲ ಅಗಲದ ನೀಲಿ ವಿನೈಲ್ ಸುರುಳಿ ಕೊಂಡೆವು. "ಅರ್ಧ ಗಂಟೆ ಸಾರ್, ನಾನೇ ಅಂಟಿಸಿಕೊಡ್ತೀನಿ" ಎಂದು ಅಂಗಡಿಯವನು ತಮಿಳಿನಲ್ಲಿ ಹೇಳಿದ. ಅಷ್ಟೇ! ಮೂವತ್ತು ವರ್ಷ ಗೆರೆ ಎಳೆದವರಿಗೆ ಗೆರೆ ಹಾಕಿಕೊಡುತ್ತಾನಂತೆ! ಅವನು ಪಾಪ, ಸಿಟ್ಟಾಗದೆ ಬುದ್ಧಿ ಹೇಳಿ ಕಳಿಸಿದ. ಕಾರಿನ ಮೈ ತಣ್ಣಗಿರಬೇಕು, ಬೆಳಿಗ್ಗೆ ಆರಕ್ಕೇ ಶುರುಮಾಡಬೇಕು, ಸೋಪಿನ ನೀರು ಚಿಮುಕಿಸಬೇಕು, ಪಟ್ಟೆಯನ್ನು ಎಳೆಯಬಾರದು.

ಸೋಮವಾರ ಒಳ್ಳೆಯ ದಿನವೆಂದು ಮಾವ ಪಂಚಾಂಗ ನೋಡಿ ತೀರ್ಮಾನಿಸಿದರು. ನಾನು ಆಫೀಸಿಗೆ ಜ್ವರವೆಂದು ಸುಳ್ಳು ಹೇಳಿ ರಜೆ ಹಾಕಿದೆ. ಆದರೆ ಆರು ಗಂಟೆಗೆ ಮಾವನ ಪೂಜೆ. ಏಳೂವರೆಯಿಂದ ರಾಹುಕಾಲ. ಒಂಬತ್ತಕ್ಕೆ ತಿಂಡಿ, ಪೇಪರು. ಹತ್ತೂವರೆಯಿಂದ ಯಮಗಂಡ ಕಾಲ. ಎಲ್ಲ ಕಳೆದು ಮುಹೂರ್ತ ಕೂಡಿಬಂದದ್ದು ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ, ಅದೂ ಮೇ ತಿಂಗಳಲ್ಲಿ! ಬಾನೆಟ್ಟಿನ ಮೇಲೆ ಹಪ್ಪಳ ಇಟ್ಟಿದ್ದರೆ ಅರಳುತ್ತಿತ್ತು. ಚಿಮುಕಿಸಿದ ನೀರು ಚುಂಯ್ ಎಂದು ಆರಿಹೋಗುತ್ತಿತ್ತು. ಪಟ್ಟೆಯೋ, ತಗಡು ಕಂಡದ್ದೇ ತಡ ಕಚ್ಚಿಕೊಂಡುಬಿಟ್ಟಿತು.

"ಮಾವ, ಸೊಟ್ಟ ಹೋಗ್ತಿದೆ, ಕಿತ್ತು ಮತ್ತೆ ಅಂಟಿಸೋಣ."

"ಮುಹೂರ್ತದಲ್ಲಿ ಕೂಡಿಸಿದ್ದನ್ನ ಯಾರಾದ್ರೂ ಕೀಳ್ತಾರೇನೋ? ಅಪಶಕುನ! ನೀರು ಹಾಕು, ಬೇಗ, ಸೀಕ್ರಂ!"

ಹೀಗೆ ಮುಂದಿನ ದೀಪದ ಕೆಳಗೆ ಹೊರಟ ಪಟ್ಟೆ ಮೊದಲ ಬಾಗಿಲಲ್ಲಿ ನಾಲ್ಕು ಬೆರಳು ಮೇಲೇರಿ, ಎರಡನೆಯದರಲ್ಲಿ ಜಾರಿ, ಹಿಂದಿನ ಚಕ್ರದ ಹತ್ತಿರ ಸುಸ್ತಾಗಿ ನಿಂತಿತು. ಮಾವ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರು. ಮುಖ ಸಣ್ಣದಾಯಿತು. "ಹೋಗ್ಲಿ ಬಿಡು, ಸೊಟ್ಟ ಇದೆ ಅಂತ ಅವಳಿಗೇನು ಕಾಣಲ್ಲ" ಎಂದರು. ಅಂದ ಮೇಲೆ ತಾವು ಅಂದದ್ದು ಅವರಿಗೇ ಕೇಳಿಸಿತು. ಕೈ ತೊಳೆಯಲು ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಬಿಸಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದೆ. ಸಂಜೆಗೆ ನನಗೆ ನಿಜವಾಗಿಯೂ ಜ್ವರ ಬಂತು.

ಅತ್ತೆ ಮೆಟ್ಟಿಲ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ, ಕಾಣತ್ತೆ ರೀ! ನೀಲಿ! ನಮ್ಮ ಕಾರು!" ಎಂದು ಹುಡುಗಿಯಂತೆ ಹೋಗಿ ಬಾಗಿಲು ಎಳೆದರು. ಬಾಗಿಲು ಬರಲಿಲ್ಲ. ಬಾಗಿಲ ಸಂದಿಯಲ್ಲಿ ಪಟ್ಟೆ ಕತ್ತರಿಸುವುದನ್ನು ಮಾವ ಮರೆತಿದ್ದರು! ಬ್ಲೇಡು ತಂದು ಕೊಯ್ದದ್ದಾಯಿತು. ಆ ಶುಕ್ರವಾರ ಅತ್ತೆ ದೇವಸ್ಥಾನಕ್ಕೆ ಹೋದರು.

ವರ್ಷದಲ್ಲಿ ನೀಲಿ ಮಾಸಿತು ಎಂದು ಮಾವ ಹೇಳಿದರು. ಮಾಸಿದ್ದು ಪಟ್ಟೆಯಲ್ಲ ಎಂದು ಗೊತ್ತಿದ್ದೂ ನಾನು ಹೂಂಗುಟ್ಟಿದೆ. ಒಂದು ಗೇಣಗಲದ ಕೆಂಪು ಬಂತು. ಇನ್ನೆರಡು ವರ್ಷಕ್ಕೆ ಒಂದಡಿ ಅಗಲದ ಹಳದಿ. ಎಲ್ಲವೂ ಮುಹೂರ್ತದಲ್ಲಿ, ಎಲ್ಲವೂ ಸೊಟ್ಟ! ಹಳದಿ ಅಂಟಿಸಿದ ಮರುದಿನ ಬೆಳಿಗ್ಗೆ ಒಬ್ಬಾಕೆ ಮಗುವಿಗೆ ಸಮವಸ್ತ್ರ ಹಾಕಿಸಿಕೊಂಡು ಬಂದು, ಸ್ಕೂಲ್ ವ್ಯಾನಿನಲ್ಲಿ ಸೀಟು ಇದೆಯೇ ಎಂದು ಕೇಳಿದಳು. ಮಾವ ಗಂಭೀರವಾಗಿ, "ಒಬ್ಬರಿಗೇ ಜಾಗ ಇರೋದು, ಅದು ಭರ್ತಿಯಾಗಿದೆ" ಎಂದರು.

ಮರುವರ್ಷ ಕಾರು ವರ್ಕ್‌ಶಾಪು ಸೇರಿತ್ತು. ಶುಕ್ರವಾರ ತಪ್ಪಬಾರದೆಂದು ಮಾವ ಪಕ್ಕದ ಮನೆಯವರ ಕಾರು ಕೇಳಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಬಿಳಿ ಕಾರು, ಮೈಮೇಲೆ ಒಂದು ಗೆರೆಯೂ ಇಲ್ಲ. ಅತ್ತೆಗೆ ಇನ್ನೂ ಹೇಳಿರಲಿಲ್ಲ. ನನ್ನ ತೋಳು ಹಿಡಿದು ಮೆಟ್ಟಿಲಿಗೆ ಬಂದ ಅತ್ತೆ ಬೀದಿಯ ಕಡೆ ಮುಖ ಮಾಡಿ, "ಹಳದಿ ಎಷ್ಟು ಚೆನ್ನಾಗಿ ಕಾಣತ್ತೆ ರೀ, ಪಳಪಳ ಅಂತಿದೆ" ಎಂದರು.

ನಾನು ಬಾಯಿ ತೆರೆದೆ. ಮಾವ ಬೇಡವೆಂದು ತಲೆಯಾಡಿಸಿ, "ಮತ್ತೇನು ಅಂದ್ಕೊಂಡೆ ನನ್ನ ಕೈಕೆಲಸ ಅಂದ್ರೆ!" ಎನ್ನುತ್ತ ಬಾಗಿಲು ತೆಗೆದು ಹಿಡಿದರು.

ದೇವಸ್ಥಾನದೊಳಗೆ ಅತ್ತೆಯನ್ನು ಅವರ ಗೆಳತಿಯರ ಕೈಗೆ ಒಪ್ಪಿಸಿ ಹೊರಗೆ ನಿಂತೆವು. "ಯಾವಾಗ್ಲಿಂದ ಮಾವ?" ಎಂದೆ.

"ಕೆಂಪು ಅಂಟಿಸಿದ ದಿನದಿಂದ. ಮೊದ್ಲು ಹಸಿರು ಅಂದ್ಳು. ನಾನು ಕೆಂಪು ಅಂದ ಮೇಲೆ ತಿದ್ಕೊಂಡ್ಳು."

"ಮತ್ತೆ ಹಳದಿ ಯಾಕೆ?"

"ನಾನು ಅಂಟಿಸೋದು ನಿಲ್ಲಿಸಿದ್ರೆ, ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗಲ್ವೇನೋ? ಆಮೇಲೆ ಹೊಸಲು ದಾಟ್ತಾಳಾ?"

ನನಗೆ ಅಳು ಬಂತು. ಇಷ್ಟು ವರ್ಷ ನಗಾಡಿದ್ದಕ್ಕೆ ನಾಚಿಕೆಯಾಯಿತು.

ಅಷ್ಟರಲ್ಲಿ ಗೆಳತಿಯರು ಅತ್ತೆಯನ್ನು ಬಾಗಿಲವರೆಗೆ ತಂದು ಬಿಟ್ಟರು. ಅತ್ತೆ ಸೆರಗು ಸರಿಮಾಡಿಕೊಂಡು, ನಾವಿಲ್ಲದ ಕಡೆಗೆ, ಹೂವಿನ ಅಂಗಡಿಯತ್ತ ಬೆರಳು ತೋರಿಸಿ, "ಅಗೋ, ಅಲ್ಲೇ ಇದ್ದಾರಲ್ಲ, ಕಾಣ್ತಿದಾರೆ" ಎಂದರು.

ಮಾವ ಪಂಚೆ ಎತ್ತಿಕೊಂಡು ಓಡಿಹೋಗಿ ಹೂವಿನ ಅಂಗಡಿಯ ಮುಂದೆ ನಿಂತರು. "ಹೂಂ ಕಣೇ, ಇಲ್ಲೇ ಇದೀನಿ, ಬಾ" ಎಂದು ಏದುಸಿರು ಬಿಡುತ್ತ ಕರೆದರು.