ಗ್ಯಾಸ್ ಮಾತ್ರೆಯೂ ಅತ್ತೆಯವರಿಗೆ ಮಾಡಿದ ಫೋನೂ

ನನ್ನ ಹೊಟ್ಟೆಗೆ ನಾನೇ ಡಾಕ್ಟರು ಎಂಬ ಧೈರ್ಯ ನನಗೆ ಐದು ವರ್ಷ ಇತ್ತು. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ ಛೋಲೆ ಭಟೂರೆ ತಿಂದು ಎದೆಯುರಿ ಬಂದಾಗ, ಡಾಕ್ಟರೊಬ್ಬರು ಎರಡು ವಾರಕ್ಕೆಂದು ಗ್ಯಾಸ್ ಮಾತ್ರೆ ಬರೆದುಕೊಟ್ಟಿದ್ದರು. ಎರಡು ವಾರ ಮುಗಿಯಿತು. ಭಟೂರೆ ಮುಗಿಯಲಿಲ್ಲ. ಹಾಗಾಗಿ ಮಾತ್ರೆಯ ಅವಧಿಯನ್ನು ನನ್ನ ಅಧಿಕಾರದಲ್ಲೇ ವಿಸ್ತರಿಸಿದೆ.

ಈ ಚಳಿಗಾಲದಲ್ಲಿ ಬಸ್ ಸ್ಟಾಪಿನವರೆಗೆ ನಡೆದರೂ ಏದುಸಿರು. ಮೊದಲು ದೆಹಲಿಯ ಹೊಗೆಯನ್ನು ಬೈದೆ. ಹೊಗೆ ತಿಳಿಯಾದರೂ ಸುಸ್ತು ಹೋಗಲಿಲ್ಲ. ಆಗ ಹೆಂಡತಿ ಸುಧಾಳ ಅಡುಗೆಯನ್ನು ಬೈದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದು ಬಂದಾಗ ಒಳಗೊಳಗೇ ಖುಷಿಯಾಯಿತು. ಸಾಕ್ಷಿ ಸಿಕ್ಕಿತ್ತಲ್ಲ! ತುಮಕೂರಿನ ಅತ್ತೆಯವರಿಗೆ ಫೋನು ಮಾಡಿ, ನಿಮ್ಮ ಮಗಳ ಸಾರಿನಲ್ಲಿ ಸತ್ವವಿಲ್ಲ, ರಿಪೋರ್ಟ್ ಬಂದಿದೆ ಎಂದು ಸವಿನಯವಾಗಿ ನಿವೇದಿಸಿಕೊಂಡೆ.

ಸುಧಾ ಮರುದಿನದಿಂದಲೇ ಅಡುಗೆ ಬದಲಿಸಿದಳು. ದಿನಾ ಪಾಲಕ್, ಬೀಟ್‌ರೂಟ್ ಮಾಡಿ ಬಡಿಸಿದಳು. ನಾನು ಯಾರನ್ನೂ ಕೇಳದೆ ಕಬ್ಬಿಣಾಂಶದ ಮಾತ್ರೆಯನ್ನೂ ತಂದು ನುಂಗಿದೆ. ಅದಕ್ಕೆ ಹೊಟ್ಟೆ ಕೆಟ್ಟಿತು. ಹೊಟ್ಟೆ ಕೆಟ್ಟಿದ್ದಕ್ಕೆ ಗ್ಯಾಸ್ ಮಾತ್ರೆಯನ್ನು ದಿನಕ್ಕೆ ಎರಡು ಮಾಡಿದೆ. ತಿಂಗಳು ಕಳೆಯುವಷ್ಟರಲ್ಲಿ, ಆಫೀಸಿನ ಮೀಟಿಂಗಿನಲ್ಲಿ ಫೈಲು ಹಿಡಿದು ಎದ್ದವನು ಕಣ್ಣು ಕತ್ತಲೆ ಬಂದು ಸಾಹೇಬರ ಮಡಿಲಲ್ಲೇ ಕೂತುಬಿಟ್ಟೆ.

ಆಸ್ಪತ್ರೆಯ ಡಾಕ್ಟರಮ್ಮ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಕಬ್ಬಿಣವೂ ಕಡಿಮೆ, ಬಿ12 ಕೂಡ ಕಡಿಮೆ. ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಏನೂ ಇಲ್ಲ, ಮನೆ ಊಟದ್ದೇ ಕೊರತೆ ಎಂದೆ.

ಪಕ್ಕದಲ್ಲಿ ಕೂತಿದ್ದ ಸುಧಾ ಮೆಲ್ಲಗೆ ಹೇಳಿದಳು, "ಐದು ವರ್ಷದಿಂದ ದಿನಾ ಗ್ಯಾಸ್ ಮಾತ್ರೆ ನುಂಗ್ತಾರೆ. ಈಗ ಎರಡೆರಡು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಈ ಮಾತ್ರೆ ಹೊಟ್ಟೆಯ ಆಮ್ಲವನ್ನು ವರ್ಷಗಟ್ಟಲೆ ಅಡಗಿಸಿಟ್ಟರೆ ಊಟದಲ್ಲಿರುವ ಕಬ್ಬಿಣ, ಬಿ12 ಮೈಗೆ ಸರಿಯಾಗಿ ಸೇರದೆ ಹೋಗಬಹುದು. ಇದೂ ಒಂದು ಕಾರಣ ಇರಬಹುದು, ಬೇರೆ ಕಾರಣಗಳನ್ನೂ ನೋಡೋಣ ಎಂದರು. ಇವತ್ತೇ ನಿಲ್ಲಿಸಿಬಿಡುತ್ತೇನೆ ಎಂದು ನಾನು ವೀರಾವೇಶ ತೋರಿಸಿದಾಗ, ಅದನ್ನಾದರೂ ನಮ್ಮನ್ನು ಕೇಳಿ ಮಾಡಿ ಎಂದರು. ಸುಧಾಳ ಕಡೆ ತಿರುಗಿ, ನಿಮ್ಮ ಅಡುಗೆಯಲ್ಲಿ ತಪ್ಪಿಲ್ಲ ಎಂದೂ ಹೇಳಿದರು. ನಾನು ಗೋಡೆಯ ಮೇಲಿದ್ದ ಜಠರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಆಟೋದಲ್ಲಿ ಸುಧಾ ಹೇಳಿದ್ದು ಒಂದೇ ಮಾತು. "ಅಮ್ಮನಿಗೆ ಫೋನ್ ಮಾಡಿ."

ಮಾಡಿದೆ. ಎಲ್ಲ ಒಪ್ಪಿಕೊಂಡೆ. ಬೈಗುಳಕ್ಕೆ ಕಿವಿ ಗಟ್ಟಿಮಾಡಿಕೊಂಡು ಕಾದೆ. ಅತ್ತೆಯವರು ಬೈಯಲಿಲ್ಲ.

"ಅವಳಿಗೆ ನಾನೇ ಅಡುಗೆ ಸರಿಯಾಗಿ ಕಲಿಸ್ಲಿಲ್ವೇನೋ ಅಂತ ಅವತ್ತಿಂದ ಕೊರಗ್ತಿದ್ದೆ. ಹುರಳಿಕಾಳು, ಎಳ್ಳು, ರಾಗಿ ಎಲ್ಲ ಕಟ್ಟಿ ಪಾರ್ಸೆಲ್ ಕಳ್ಸಿದ್ದೀನಿ. ಹೋಗ್ಲಿ ಬಿಡಿ. ಈಗ ಹೇಗಿದ್ದೀರಿ?"

ಫೋನನ್ನು ಸುಧಾಳ ಕೈಗೆ ಕೊಟ್ಟೆ.

ಎರಡು ದಿನದ ನಂತರ ಪಾರ್ಸೆಲ್ ಬಂತು. ಅವತ್ತು ಲಿಫ್ಟ್ ಕೆಟ್ಟಿತ್ತು. ಆ ಮೂಟೆಯನ್ನು ನಾನೇ ಹೊತ್ತು, ನಡುನಡುವೆ ಮೆಟ್ಟಿಲ ಮೇಲೆ ಕೂತು, ಮೂರನೇ ಮಹಡಿಗೆ ತಂದೆ. ಸುಧಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೈ ಜೋಡಿಸಲು ಬರಲಿಲ್ಲ. ಕರೆಯುವ ಮುಖ ನನಗೂ ಇರಲಿಲ್ಲ. ಇಳಿದು ಬರುತ್ತಿದ್ದ ಮೇಲಿನ ಮನೆಯವರು, ಏನಿದು ಭಾಯ್ ಸಾಹಬ್ ಎಂದು ಕೇಳಿದರು. ಊರಿಂದ ಬಂದಿದೆ ಎಂದೆ. ಯಾಕೆ ಬಂದಿದೆ ಎಂದು ಅವರು ಕೇಳಲಿಲ್ಲ.