ಪಕ್ಕದ ಮನೆಯ ರಾಗಿ ಉಂಡೆ

ಹೊಟ್ಟೆಕಿಚ್ಚು ಪಡಲು ಸೈಟು, ಕಾರು, ಬಡ್ತಿಯಂಥ ಘನವಾದ ಕಾರಣಗಳೇ ಬೇಕು ಎಂದು ನಾನೂ ಬಹಳ ವರ್ಷ ನಂಬಿದ್ದೆ. ಒಂದು ಬಟ್ಟಲು ಮಂಡಕ್ಕಿ ಒಗ್ಗರಣೆಯೂ ಸಾಕು ಎಂದು ಈಚೆಗೆ ಗೊತ್ತಾಯಿತು. ಆ ಮಂಡಕ್ಕಿ ನಮ್ಮ ಪಕ್ಕದ ಮನೆಯ ಜಬೀನಕ್ಕನದು. ತಿನ್ನುವವಳು ಮಾತ್ರ ನನ್ನ ಮಗಳು, ಎರಡನೇ ಕ್ಲಾಸಿನ ಚಿನ್ಮಯಿ.

ನನ್ನ ಹೆಂಡತಿಗೆ ಸೊರಬದ ಬ್ಯಾಂಕೊಂದರಲ್ಲಿ ಕೆಲಸ. ಅವಳ ಬಸ್ಸು ಶಿಕಾರಿಪುರ ಸೇರುವಾಗ ಏಳು ಗಂಟೆ. ಆದ್ದರಿಂದ ನಾಲ್ಕಕ್ಕೆ ನನ್ನ ಜೆರಾಕ್ಸ್ ಅಂಗಡಿಯ ಬಾಗಿಲೆಳೆದು, ಪಹಣಿ ಹಿಡಿದು ನಿಂತ ತಾಳಗುಂದದ ಕಡೆಯವರಿಂದ ಬೈಸಿಕೊಂಡು, ಮನೆಗೆ ಓಡಿ ಮಗಳಿಗೆ ತಿಂಡಿ ಕೊಡುವ ಭಾರ ನನ್ನದು. ಭಾರ ಎಂದೆನೇ? ಒಳಗೊಳಗೆ ನನಗದು ಹೆಮ್ಮೆ. ನಾನು ಶಾಲೆಯಿಂದ ಬಂದರೆ ಅಮ್ಮ ಬೆಳಗಿನ ರೊಟ್ಟಿಗೆ ಬೆಲ್ಲ ಸವರಿ ಕೈಗಿಡುತ್ತಿದ್ದಳು; ಅದರಲ್ಲಿ ಏನೇನು ಅಂಶವಿದೆ ಎಂದು ಅಮ್ಮನಿಗೂ ಗೊತ್ತಿರಲಿಲ್ಲ, ರೊಟ್ಟಿಗೂ ಗೊತ್ತಿರಲಿಲ್ಲ. ನಾನು ಹಾಗಲ್ಲ. 'ಐದೇ ನಿಮಿಷದಲ್ಲಿ ಮಕ್ಕಳಿಗೆ ಆರೋಗ್ಯಕರ ತಿಂಡಿ' ಎಂಬ ವಿಡಿಯೋಗಳನ್ನು ನೋಡಿ ನೋಡಿ ಅರ್ಧ ಡಾಕ್ಟರಾಗಿದ್ದೆ. ಹಿಂದಿನ ದಿನವೇ ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ಹೊತ್ತು ಆ ಐದು ನಿಮಿಷದೊಳಗೆ ಬರುವುದಿಲ್ಲ ಎಂದು ಅವರು ಹೇಳುವುದಿಲ್ಲ, ಬಿಡಿ. ಮೊಳಕೆಕಾಳು, ಕ್ಯಾರೆಟ್ ತುರಿದ ಅವಲಕ್ಕಿ, ರಾಗಿ ಉಂಡೆ, ಏನಿಟ್ಟರೂ ಚಿನ್ಮಯಿ ಮುಖ ಸಿಂಡರಿಸುತ್ತಿದ್ದಳು. ನಾನು ಪಕ್ಕದಲ್ಲೇ ನಿಂತು, ಇದರಲ್ಲಿ ಕಬ್ಬಿಣದಂಶವಿದೆ, ಅದರಲ್ಲಿ ಪ್ರೋಟೀನ್ ಇದೆ ಎಂದು ತುತ್ತು ತುತ್ತಿಗೂ ವಿವರಿಸುತ್ತಿದ್ದೆ. "ಸ್ಕೂಲಲ್ಲಿ ಏನಾಯ್ತಮ್ಮ?" ಎಂದರೆ, "ಏನಿಲ್ಲ." ಎರಡು ತುತ್ತು ನುಂಗಿ ಪಕ್ಕದ ಮನೆಗೆ ಓಟ.

ಜಬೀನಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹೊಲಿಗೆಯ ನಡುವೆ ಎದ್ದು ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಶೇಂಗಾ ಕಲಸಿ ಕೊಡುತ್ತಾರೆ, ಅಷ್ಟೇ. ಅದರಲ್ಲೇನು ಅಂಥ ವಿದ್ಯೆ? ಗೋಡೆಯಾಚೆ ಮಗಳ ನಗು ಕೇಳಿದಾಗೆಲ್ಲ ನನ್ನ ಎದೆಯಲ್ಲಿ ಹಸಿಮೆಣಸಿನಕಾಯಿಯ ಒಗ್ಗರಣೆ ಬೀಳುತ್ತಿತ್ತು. ದಿನದಲ್ಲಿ ಅವಳು ನನಗೊಬ್ಬನಿಗೇ ಸಿಗುವ ಹೊತ್ತು ಅದೊಂದೇ. ಏಳಕ್ಕೆ ಅಮ್ಮ ಬಂದ ಮೇಲೆ ಅಪ್ಪನನ್ನು ಕೇಳುವವರಾರು?

ಒಂದು ದಿನ ಜಬೀನಕ್ಕ ಸ್ಟೀಲ್ ಡಬ್ಬಿಯಲ್ಲಿ ನನಗೂ ಮಂಡಕ್ಕಿ ಕಳಿಸಿದರು. ದುಃಖದ ವಿಷಯವೆಂದರೆ, ಚೆನ್ನಾಗಿತ್ತು. ನಮ್ಮ ಕೇರಿಯಲ್ಲಿ ಪಕ್ಕದ ಮನೆಯ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಮಗಳು ಮುಟ್ಟದ ರಾಗಿ ಉಂಡೆಗಳಿದ್ದವು. ಬರೀ ಉಂಡೆ ಕೊಡಲು ಅಭಿಮಾನ ಅಡ್ಡ ಬಂತು. ಒಂದೊಂದಕ್ಕೂ ಒಣದ್ರಾಕ್ಷಿಯ ಎರಡು ಕಣ್ಣು, ಗೋಡಂಬಿಯ ಬಾಯಿ ಒತ್ತಿ, ಚಿನ್ಮಯಿ ಶಾಲೆಗೆ ಹೋದ ಮೇಲೆ ಕೊಟ್ಟು ಅಂಗಡಿಗೆ ಹೋದೆ.

ಸಂಜೆ ಪಕ್ಕದ ಮನೆಯಿಂದ ಮಗಳು ಓಡಿ ಬಂದಳು. "ಅಪ್ಪಾ, ಆಂಟಿ ಮನೇಲಿ ಎಂಥಾ ಉಂಡೆ ಗೊತ್ತಾ? ಮೂರು ತಿಂದೆ. ಅದಕ್ಕೆ ಕಣ್ಣು, ಬಾಯಿ ಎಲ್ಲಾ ಇತ್ತು. ನೀನ್ಯಾಕೆ ಹಂಗೆ ಮಾಡಲ್ಲ?"

"ಅದು ನಾನೇ ಮಾಡಿದ್ದು ಕಣಮ್ಮ."

"ಸುಳ್ಳು," ಎಂದಳು, ಕನಿಕರದಿಂದ. "ನಿನ್ನ ಉಂಡೆ ನಾನು ತಿಂದಿದೀನಲ್ಲ."

ಪಕ್ಕದ ಮನೆಯ ಮೇಲಿದ್ದ ಹೊಟ್ಟೆಕಿಚ್ಚು ಈಗ ನಾನೇ ಕಟ್ಟಿದ ಉಂಡೆಯ ಮೇಲೆ ತಿರುಗಿತು. ನನಗೆ ನನ್ನ ಮನೆಯಲ್ಲೇ ಸಿಗದ ಮರ್ಯಾದೆ ಅದಕ್ಕೆ ಅಲ್ಲಿ ಸಿಕ್ಕಿತ್ತು. ಜಬೀನಕ್ಕನಿಂದ ಸಾಕ್ಷಿ ಹೇಳಿಸಲೇಬೇಕೆಂದು ಮಾರನೆಯ ದಿನ ಮಗಳ ಹಿಂದೆಯೇ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಜಬೀನಕ್ಕ ಕಣ್ಣು ಬಾಯಿ ಉದುರಿಹೋಗಿದ್ದ ಒಂದು ಉಂಡೆಯನ್ನು ಮುರಿದು, ಅರ್ಧ ಅವಳಿಗೆ ಕೊಟ್ಟು, ಅರ್ಧ ತಾವು ತಿನ್ನುತ್ತಿದ್ದರು. ಕಬ್ಬಿಣದ ಮಾತೇ ಇಲ್ಲ. ಯಾರೋ ಪೆನ್ಸಿಲ್ ಕಚ್ಚಿದ್ದು, ಎಲ್ಲರೂ ನಕ್ಕಿದ್ದು, ತನಗೆ ಅಳು ಬಂದಿದ್ದು, ಎಲ್ಲವನ್ನೂ ಚಿನ್ಮಯಿ ಹೇಳುತ್ತಿದ್ದಳು. ಜಬೀನಕ್ಕ ಮೆಷಿನ್ ನಿಲ್ಲಿಸಿ, "ಆಮೇಲೆ?" ಎನ್ನುತ್ತಿದ್ದರು. ನನ್ನನ್ನು ಕಂಡು, "ಬರ್ರಿ ಅಣ್ಣ, ನಿಮ್ಮ ಉಂಡಿ ಭಾಳ ಚಲೋ ಆಗ್ಯಾವ್ರೀ" ಎಂದರು. ಸಾಕ್ಷಿಯೇನೋ ಸಿಕ್ಕಿತು. ಆದರೆ ನನ್ನನ್ನು ನೋಡಿದ್ದೇ ಮಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದಳು. ನನಗೆ ನಿಜವಾಗಿ ನೋವಾಯಿತು.

ಮರುದಿನ ನಾನೂ ಒಂದು ಉಂಡೆ ಮುರಿದು, ಅರ್ಧ ಅವಳ ತಟ್ಟೆಗಿಟ್ಟು, ಅರ್ಧ ತಿನ್ನುತ್ತ ಬಾಯಿಗೆ ಬೀಗ ಹಾಕಿ ಕುಳಿತೆ. ಕ್ಯಾಲ್ಸಿಯಂ ಎಂಬ ಶಬ್ದ ಎರಡು ಸಲ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಚಿನ್ಮಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಣೆ ಮುಟ್ಟಿದಳು. "ಹುಷಾರಿಲ್ವಾ ಅಪ್ಪ?" ಎಂದು ಕೇಳಿ, ಉಂಡೆ ಹಿಡಿದುಕೊಂಡೇ ಪಕ್ಕದ ಮನೆಗೆ ಓಡಿದಳು.

ನಾನು ಗೋಡೆಗೆ ಕಿವಿಯಿಟ್ಟೆ.

"ಆಂಟಿ, ಇವತ್ತು ನಮ್ಮಪ್ಪ ಒಂದೂ ಮಾತಾಡ್ಲೇ ಇಲ್ಲ, ಗೊತ್ತಾ?"

ಮೆಷಿನ್ ಸದ್ದು ನಿಂತಿತು. "ಹೌದಾ? ಆಮೇಲೆ?"

ಆಮೇಲೇನಾಯಿತೆಂದು ತಿಳಿಯಲು ನಾನೂ ಉಸಿರು ಬಿಗಿಹಿಡಿದು ನಿಂತೆ.