ಸಮಾಧಾನ ಮಾಡಲು ಹೋದದ್ದು

ಇನ್ನು ಈ ಜನ್ಮದಲ್ಲಿ ನಾನು ಅಳುವುದಿಲ್ಲ, ಸಿಟ್ಟಾಗುವುದಿಲ್ಲ! ಹೀಗೆಂದು ಹೋದ ಸೋಮವಾರ ಹಲ್ಲುಜ್ಜುತ್ತಾ ಘೋರ ಪ್ರತಿಜ್ಞೆ ಮಾಡಿದೆ.

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಬಂದವರೆಲ್ಲ "ಸಮಾಧಾನ ಮಾಡ್ಕೋಪ್ಪ" ಎಂದು ಹೇಳಿ ಹೋಗುತ್ತಿದ್ದರು. ಹೇಗೆ ಮಾಡುವುದೆಂದು ಮಾತ್ರ ಒಬ್ಬರೂ ಹೇಳಿಕೊಡಲಿಲ್ಲ. ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದು ಶಾಲೆ ಬಿಟ್ಟವನಾದರೂ ವಿಧಾನವನ್ನು ನಾನೇ ಕಂಡುಹಿಡಿದೆ. ಮನಸ್ಸಿನಲ್ಲಿ ಏನಾದರೂ ಎದ್ದರೆ ಕಣ್ಣು ಮುಚ್ಚಬೇಕು, ಅಲುಗಬಾರದು, ಇಪ್ಪತ್ತರವರೆಗೆ ಎಣಿಸಬೇಕು. ನಡುವೆ ಇನ್ನೊಂದು ಎದ್ದರೆ ಮತ್ತೆ ಒಂದರಿಂದ!

"ನೀನು ಎಣಿಸಿ ಮುಗಿಸೋ ಅಷ್ಟೊತ್ತಿಗೆ ನಿನ್ನ ಮದುವೆ ವಯಸ್ಸೇ ದಾಟಿರುತ್ತೆ" ಎಂದಳು ಅಕ್ಕ.

ಸಿಟ್ಟು ಬಂತು. ಎಣಿಸಿದೆ. ಹೋಯಿತು! ಮೂರು ದಿನ ಹೀಗೇ ಗೆದ್ದೆ. ಅಕ್ಕ ನನ್ನನ್ನು 'ಕಂಬ' ಎಂದು ಕರೆಯತೊಡಗಿದಳು.

ಗುರುವಾರ, ಅಪ್ಪ ದುಡಿದಿದ್ದ ಪ್ರೆಸ್ಸಿಗೆ ಕೆಲಸ ಕೇಳಲು ಹೋಗಬೇಕಿತ್ತು. "ಅವರ ನೀಲಿ ಅಂಗೀನೇ ಹಾಕ್ಕೊಂಡು ಹೋಗು" ಎಂದಳು ಅಮ್ಮ. ಅಪ್ಪನದೆಂದು ಮನೆಯಲ್ಲಿ ಉಳಿದಿದ್ದ ಒಂದೇ ಅಂಗಿ ಅದು. ಮಿಕ್ಕದ್ದನ್ನೆಲ್ಲ ಅಮ್ಮ ಕೊಟ್ಟುಬಿಟ್ಟಿದ್ದಳು, ಕಣ್ಣಲ್ಲಿ ಒಂದು ಹನಿಯೂ ಇಲ್ಲದೆ.

ಅಂಗಿಯನ್ನು ಮೇಜಿನ ಮೇಲೆ ಹರಡಿ, ಜೇಬಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟೆ. ಕಾವು ತಗುಲಿದ್ದೇ ತಡ, ಬಟ್ಟೆಯಿಂದ ಅಪ್ಪನ ವಾಸನೆ ಎದ್ದಿತು. ಪ್ರೆಸ್ಸಿನ ಶಾಯಿ, ಬೆವರು. ಅಳು ಉಕ್ಕಿತು. ಬಂತು ಪರೀಕ್ಷೆ! ಕಣ್ಣು ಮುಚ್ಚಿದೆ. ಅಲುಗಲಿಲ್ಲ. ಒಂದು, ಎರಡು... ಹನ್ನೊಂದಕ್ಕೆ ಬೇರೆಯೇ ವಾಸನೆ ಬಂತು. ಗಾಬರಿಯಾಯಿತು. ಗಾಬರಿಯೂ ಮನೋವಿಕಾರವೇ ಅಲ್ಲವೇ? ಮತ್ತೆ ಒಂದರಿಂದ ಶುರುಮಾಡಿದೆ.

"ಏ ಕಂಬ, ಹೊಗೆ ಕಣೋ! ಕೈ ಎತ್ತೋ!"

"ಏಳು... ಎಂಟು..."

ಅಕ್ಕ ಪೆಟ್ಟಿಗೆ ಕಿತ್ತುಕೊಂಡಳು. ಸಿಟ್ಟನ್ನು ಗೆದ್ದ ವೀರ ಅಂಗಿಯನ್ನು ಸುಟ್ಟಿದ್ದ! ಜೇಬಿದ್ದ ಕಡೆ ದೋಣಿಯಾಕಾರದ ತೂತು.

ಅಮ್ಮ ಬಂದಳು. ಅಂಗಿ ಎತ್ತಿದಳು. ತೂತಿನೊಳಗೆ ಕೈ ಹಾಕಿ, ಆಚೆ ಬಂದ ತನ್ನ ಬೆರಳುಗಳನ್ನೇ ನೋಡಿದಳು. ಗಲ್ಲ ನಡುಗತೊಡಗಿತು.

ನಾನು ಹೆದರಿ, "ಅಮ್ಮಾ, ಇಪ್ಪತ್ತರವರೆಗೆ ಎಣಿಸಮ್ಮಾ" ಎಂದೆ.

"ನಾಲ್ಕು ತಿಂಗಳಿಂದ ಎಣಿಸ್ತಾನೇ ಇದೀನಿ ಕಣೋ. ಇಪ್ಪತ್ತು ಯಾವಾಗ ಬರುತ್ತೆ ಹೇಳು."

ಮೂವರೂ ಆ ಮೇಜಿಗೇ ಒರಗಿ ಅತ್ತೆವು, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವಷ್ಟು! ಆಮೇಲೆ ಅಮ್ಮ ಊಟಕ್ಕೆ ಕೂತವಳು, ನಾಲ್ಕು ತಿಂಗಳಲ್ಲಿ ಮೊದಲ ಸಲ, ಎರಡನೇ ಬಾರಿ ಬಡಿಸಿಕೊಂಡಳು.

ಅಕ್ಕ ತೂತಿಗೆ ತೇಪೆ ಹಾಕಿದಳು. ಊದಿದ ಕಣ್ಣು, ತೇಪೆಯ ಅಂಗಿ ಹೊತ್ತು ಪ್ರೆಸ್ಸಿನ ಯಜಮಾನರ ಮುಂದೆ ನಿಂತೆ.

"ಸಮಾಧಾನ ಮಾಡ್ಕೊಂಡ್ಯೇನಪ್ಪಾ?" ಎಂದು ಕೇಳಿದರು.

"ಮಾಡೋಕೆ ಹೋದೆ ಸಾರ್" ಎಂದೆ, ಎಣಿಸದೆ. "ಸೀದು ಹೋಯ್ತು."

ಅವರು ತೇಪೆಯ ಅಂಚಿನ ಸುಟ್ಟ ಕಲೆಯನ್ನು ಬೆರಳಿಂದ ಮುಟ್ಟಿ ನೋಡಿದರು. "ನಾಳೆಯಿಂದ ಬಾ. ಬಿಸಿ ಯಂತ್ರದ ಹತ್ತಿರ ಮಾತ್ರ ಸುಳೀಬೇಡ!"